ಗಾಲಿ ಮೇಲೆ ವಸ್ತಿ

ಹತ್ತರಗಿ ಟೋಲ್ ನಾಕಾದ ಹತ್ತಿರ ಚಹಾದಂಗಡಿಯಲ್ಲಿ ಕೂತರೆ ಪುಣೆ-ಬೆಂಗಳೂರು ಹೆದ್ದಾರಿಯ ಗಾಡಿಗಳ ಸಂತೆಯೇ ಕಾಣುತ್ತದೆ. ಎನ್‌ಎಚ್-4 ಹೋಗಿ 48 ಆಗಿ ಎಷ್ಟೋ ವರ್ಷವಾಯಿತು, ಜನರ ಬಾಯಲ್ಲಿ ಇನ್ನೂ ನಾಲ್ಕೇ. ಗುಜರಾತಿನ ಲಾರಿ, ಗೋವಾಕ್ಕೆ ಹೊರಟ ಎಂಎಚ್-12ರ ಹುಡುಗರು, ಕೊಲ್ಹಾಪುರದ ಎಂಎಚ್-09, ನಮ್ಮ ಬೆಳಗಾವಿ, ಚಿಕ್ಕೋಡಿ, ಗೋಕಾಕದ ನಂಬರುಗಳು. ಇವುಗಳ ನಡುವೆ ಈಚೆಗೆ ಒಂದು ಹೊಸ ಜಾತಿ ಸೇರಿದೆ. ಮೈಕಟ್ಟು ಟೆಂಪೋ ಟ್ರಾವೆಲರ್‌ದು. ಮಾಡಿನ ಮೇಲೆ ಸೋಲಾರ್ ಫಲಕ ಮತ್ತು ಎಸಿಯ ಗೂಡು, ಬದಿಗೆ ಸುರುಳಿ ಸುತ್ತಿದ ಚಪ್ಪರ, ಹಿಂದೆ ಏಣಿ.

“ಸಿನಿಮಾದವರ ಗಾಡಿ ಏನ್ರಿ ಇದು?” ಎಂದ ಚಹಾ ಕೊಡುವ ಹುಡುಗ.

ಸಿನಿಮಾದವರಲ್ಲ. ಪುಣೆಯ ಕಡೆಯ ನಿವೃತ್ತ ದಂಪತಿಯ ಕ್ಯಾರವಾನ್. ಒಳಗೆ ಹಾಸಿಗೆ, ಅಟ್ಟ, ಒಲೆ, ಫ್ರಿಜ್, ಸಂಡಾಸು, ಎಲ್ಲ ಉಂಟು. ಯಜಮಾನರು ಇಳಿದವರೇ ಮೊದಲು ಕೇಳಿದ್ದು: ಸಂಕೇಶ್ವರದಲ್ಲಿ ಒಳ್ಳೆಯ ಲಾಡ್ಜ್ ಯಾವುದು?

ಮನೆಯನ್ನೇ ಎಳೆದುಕೊಂಡು ಬಂದವರಿಗೆ ಲಾಡ್ಜ್ ಯಾಕೆ ಬೇಕು?

*

ಕೇಳುತ್ತ ಹೋದಂತೆ ಗೊತ್ತಾದದ್ದು: ಓಡಿಸುವುದು ಇವರಿಗೆ ಕಷ್ಟವಲ್ಲ, ನಿಲ್ಲಿಸುವುದು ಕಷ್ಟ. ಸಂಜೆ ಐದಾದರೆ ಸಾಕು, ಎದೆ ಡವಡವ. ಎಲ್ಲಿ ನಿಲ್ಲಿಸಬೇಕು, ಯಾರು ಎಬ್ಬಿಸುತ್ತಾರೆ, ನೀರು ಎಲ್ಲಿ, ಸಂಡಾಸಿನ ಡಬ್ಬಿ ಎಲ್ಲಿ ಚೆಲ್ಲುವುದು.

ಅಮೆರಿಕದಲ್ಲಿರುವ ನಮ್ಮ ಕಡೆಯ ಹುಡುಗರು ಬೇಸಗೆಯಲ್ಲಿ ಅಪ್ಪ-ಅವ್ವನನ್ನು ಕರೆಸಿಕೊಂಡಾಗ ಇಂಥ ಗಾಡಿ ಬಾಡಿಗೆಗೆ ಹಿಡಿದು ಯೆಲ್ಲೊಸ್ಟೋನ್ ತೋರಿಸಲು ಹೋಗುತ್ತಾರೆ. ಅಲ್ಲಿನ ಒಳ್ಳೆಯ ಕ್ಯಾಂಪುಗಳಲ್ಲಿ ಗಾಡಿ ನಿಲ್ಲಿಸಿದ ಕಡೆಗೇ ಕರೆಂಟಿನ ಪೆಟ್ಟಿಗೆ, ನೀರಿನ ನಲ್ಲಿ, ಹೊಲಸು ಬಿಡುವ ಕೊಳವೆ ಇರುತ್ತವೆ. ಕೇರಳ 2021ರಲ್ಲಿ ಕ್ಯಾರವಾನ್ ನೀತಿ ತಂದು, ಮುಂದೆ ವಾಗಮಣ್‌ನಲ್ಲಿ ಇಂಥ ತಾಣ ತೆರೆಯಿತು. ಹುಕ್ಕೇರಿ, ಗೋಕಾಕ, ಮೂಡಲಗಿಯ ಕಡೆ ಅಂಥದ್ದೊಂದು ನನ್ನ ಕಣ್ಣಿಗೆ ಬಿದ್ದಿಲ್ಲ. ಹಾಗಾಗಿ ಅಮೆರಿಕದ ಪುಸ್ತಕ ಓದಿ ಗಾಡಿ ಕೊಂಡವನಿಗೆ ಇಲ್ಲಿ ಅರ್ಧ ಪುಸ್ತಕ ಉಪಯೋಗಕ್ಕೆ ಬರುವುದಿಲ್ಲ.

*

ಆದರೆ ಗಾಲಿ ಮೇಲೆ ರಾತ್ರಿ ಕಳೆಯುವುದು ನಮಗೇನು ಹೊಸದು?

ವಸ್ತಿ ಬಸ್ಸನ್ನೇ ನೋಡಿ. ವಾಯವ್ಯ ಸಾರಿಗೆಯ ಕೆಂಪು ಬಸ್ಸು ರಾತ್ರಿ ಕೊನೆಯ ಟ್ರಿಪ್ಪಿಗೆ ಹಳ್ಳಿ ಮುಟ್ಟುತ್ತದೆ, ಬೆಳಗ್ಗೆ ಅದೇ ಮೊದಲ ಬಸ್ಸು. ಡ್ರೈವರ್ ಮತ್ತು ಕಂಡಕ್ಟರ್ ಎಷ್ಟೋ ಊರಲ್ಲಿ ಸೀಟಿನ ಮೇಲೇ ಮಲಗುತ್ತಾರೆ. ವರ್ಷಗಟ್ಟಲೆ ಹೀಗೆ ಮಲಗಿದವರಿಗಿಂತ ದೊಡ್ಡ ಪರಿಣತರು ಈ ವಿಷಯದಲ್ಲಿ ಇನ್ಯಾರು?

ಹಿಡಕಲ್ ಕಡೆಯ ಒಂದು ಹಳ್ಳಿಯಲ್ಲಿ ವಸ್ತಿಗೆ ಬಂದ ಡ್ರೈವರನ್ನು ಕೇಳಿದೆ. ಬಸ್ಸನ್ನು ಅವರು ತಿರುಗಿಸಿ, ಮೂತಿ ಊರ ಹೊರಗಿನ ರಸ್ತೆಯ ಕಡೆ ಮಾಡಿ, ಚೂರು ಇಳಿಜಾರಿನಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟಿದ್ದರು.

“ಇಳಿಜಾರ ಯಾಕ್ರಿ?”

“ಮುಂಜಾನೆ ಬ್ಯಾಟರಿ ಕೈ ಕೊಟ್ರ ಯಾರನ್ನ ಎಬಸ್ಲಿ ಸರ? ಕಲ್ಲ ತಗದು ಬಿಟ್ರ ತಾನ ಉಳ್ಳತೈತಿ, ಗೇರ್ ಹಾಕಿದ್ರ ಸ್ಟಾರ್ಟ್.”

ಪುಣೆಯ ಗಾಡಿಯವರು ಇದಕ್ಕೆ ಪೂರಾ ಉಲ್ಟಾ. ಅವರಿಗೆ ಸಮತಟ್ಟಾದ ಜಾಗವೇ ಬೇಕು. ಇಳಿಜಾರಿನಲ್ಲಿ ತಲೆ ಕೆಳಗಾಗಿ ನಿದ್ದೆ ಬರುವುದಿಲ್ಲ, ಬಚ್ಚಲ ನೀರು ಹರಿಯುವುದಿಲ್ಲ, ಕೆಲವು ಬಗೆಯ ಗ್ಯಾಸ್ ಫ್ರಿಜ್ ಕೆಲಸವನ್ನೇ ನಿಲ್ಲಿಸುತ್ತದೆ. ಸೋಲಾರ್ ಫಲಕ, ಫ್ಯಾನು, ಹಲಿಗೆಯ ಪಾದಮಣೆ ಎಲ್ಲ ಇಟ್ಟುಕೊಂಡವರು ಒಂದನ್ನು ಮಾತ್ರ ಮರೆಯುತ್ತಾರೆ: ಎಂಜಿನ್ ಬ್ಯಾಟರಿಯೇ ಬೇರೆ, ಮನೆಯ ಬ್ಯಾಟರಿಯೇ ಬೇರೆ ಇರಬೇಕು. ರಾತ್ರಿಯೆಲ್ಲ ಫ್ರಿಜ್ ಓಡಿಸಿ ಎಂಜಿನ್ ಬ್ಯಾಟರಿ ಖಾಲಿ ಮಾಡಿಕೊಂಡರೆ ಬೆಳಗ್ಗೆ ತಳ್ಳಿಯೂ ಉಪಯೋಗವಿಲ್ಲ. ಈಗಿನ ಡೀಸೆಲ್ ಎಂಜಿನ್ನಿನ ಎಲೆಕ್ಟ್ರಾನಿಕ್ಸ್‌ಗೂ ಜೀವ ಬೇಕಲ್ಲ.

ಮೂತಿ ಹೊರಗೆ ಮಾಡಿ ನಿಲ್ಲಿಸುವ ಪಾಠವನ್ನು ಮಾತ್ರ ಯಾರು ಬೇಕಾದರೂ ಕಲಿಯಬಹುದು. ನಡುರಾತ್ರಿ ಯಾರೋ ಕುಡಿದು ಬಂದು ಗಾಜು ಬಡಿದರೆ ಹಿಂದೆ-ಮುಂದೆ ಮಾಡಿ ತಿರುಗಿಸುತ್ತ ಕೂರಲಾಗುವುದಿಲ್ಲ.

*

ಪಕ್ಕದ ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದ ಭಕ್ತರು ಚಕ್ಕಡಿ ಹೂಡಿಕೊಂಡು ಬರುವುದು ಇಂದಿಗೂ ಉಂಟು. ಸವದತ್ತಿ ಎಲ್ಲಮ್ಮನಿಗೆ ಹುಣ್ಣಿಮೆಗಳಲ್ಲಿ ಹೊರಡುವ ಟ್ರ್ಯಾಕ್ಟರ್ ಟ್ರಾಲಿಗೆ ತಾಡಪಾಲು ಕಟ್ಟಿ, ಕೆಳಗೆ ಹುಲ್ಲು, ಹುಲ್ಲಿನ ಮೇಲೆ ಜಮಖಾನೆ, ಮೂಲೆಗೆ ರೊಟ್ಟಿಯ ಗಂಟು, ನೀರಿನ ಕೊಡ. ಕಬ್ಬಿನ ಹಂಗಾಮಿನಲ್ಲಿ ಬೀಡ್ ಕಡೆಯಿಂದ, ವಿಜಯಪುರದ ತಾಂಡಾಗಳಿಂದ ಬರುವ ಗ್ಯಾಂಗಿನವರು ಇಡೀ ಸಂಸಾರವನ್ನು ಟ್ರಾಲಿಯಲ್ಲಿ ಹೇರಿಕೊಂಡು ಬಂದು ನಾಲ್ಕೈದು ತಿಂಗಳು ಇಲ್ಲೇ ಬಯಲಲ್ಲಿ ಗುಡಿಸಲು ಹಾಕುತ್ತಾರೆ. ಅದು ಪ್ರವಾಸವಲ್ಲ, ಹೊಟ್ಟೆಪಾಡು. ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಲು ನನ್ನ ಕೈಗೆ ಸ್ವಲ್ಪ ಅಳುಕು. ಆದರೂ ನಿಲ್ಲುವ ಜಾಗ ಆರಿಸುವುದರಲ್ಲಿ ಎಲ್ಲರ ಬುದ್ಧಿ ಒಂದೇ: ಮೊದಲು ನೀರು, ಆಮೇಲೆ ನೆರಳು, ಹೊಲದ ಯಜಮಾನನನ್ನು ಕೇಳಿಯೇ ಗಾಡಿ ಬಿಡುವುದು, ಹಳ್ಳದ ಪಾತ್ರದಲ್ಲಿ ಎಂದೂ ಒಲೆ ಹೂಡದಿರುವುದು.

ಕ್ಯಾರವಾನಿನವರು ಮಾಡುವುದು ಇದರ ತಿರುವು ಮುರುವು. ಮೊದಲು ನೋಟ, ಅಂದರೆ ಫೋಟೋಕ್ಕೆ ಚಂದ ಕಾಣುವ ನೀರಿನ ದಂಡೆ. ಕೇಳುವುದು ಕೊನೆಗೆ, ಅಥವಾ ಕೇಳುವುದೇ ಇಲ್ಲ.

ಹೇಳಬೇಕಾದ್ದು: ಹಿಡಕಲ್‌ನ ರಾಜಾ ಲಖಮಗೌಡ ಜಲಾಶಯದಲ್ಲಿ 51 ಟಿಎಂಸಿ ನೀರು ಹಿಡಿಯುತ್ತದೆ. ಮಳೆಗಾಲದಲ್ಲಿ ಗೇಟು ತೆಗೆದರೆ ಕೆಳಗಿನ ದಂಡೆಯಲ್ಲಿ ಗಾಡಿ ನಿಲ್ಲಿಸಿದವನಿಗೆ ದೇವರೇ ಗತಿ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕ ಊರೊಳಗೇ ನುಗ್ಗಿದ್ದಳು; ಲೋಳಸೂರ ಸೇತುವೆ ಮುಳುಗಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಕಾಕ ಜಲಪಾತವನ್ನೂ ಗೊಡಚಿನಮಲ್ಕಿಯನ್ನೂ ಹಗಲಲ್ಲಿ ನೋಡಿ, ರಾತ್ರಿಗೆ ಎತ್ತರದ ಊರಿಗೆ ಬಂದುಬಿಡಿ.

ರಾತ್ರಿಗೆ ಒಳ್ಳೆಯ ಜಾಗಗಳು: ದೊಡ್ಡ ಪೆಟ್ರೋಲ್ ಬಂಕು (ಮ್ಯಾನೇಜರನ್ನು ಕೇಳಿ, ಡೀಸೆಲ್ ಅಲ್ಲೇ ತುಂಬಿಸಿ), ಲಾರಿಯವರು ನಿಲ್ಲುವ ಧಾಬಾ, ಮಠದ ಅಂಗಳ, ಖಾಲಿ ಇರುವ ಕಲ್ಯಾಣ ಮಂಟಪ. ಮಠಕ್ಕೆ ಹೋದರೆ ಪ್ರಸಾದಕ್ಕೆ ಕೂರಿ. ಊಟ ಬೇಡ ಎಂದು ಗಾಡಿಯೊಳಗೆ ನೂಡಲ್ಸ್ ಬೇಯಿಸುತ್ತ ಕೂತವರನ್ನು ಕಂಡಿದ್ದೇನೆ, ಯಾಕೆ ಬಂದರೋ.

*

ಕಬ್ಬಿನ ನಾಡಿಗೆ ಬಂದ ಗಾಡಿಯವನಿಗೆ ಒಂದು ಲಾಭವಿದೆ. ಇಲ್ಲಿ ಗಾಡಿ ತೂಗುವ ಕಾಟಾಕ್ಕೆ ಬರವಿಲ್ಲ. ಕಾರ್ಖಾನೆಯ ತೂಕದ ಮೇಲೆ ನಂಬಿಕೆ ಸಾಲದ ರೈತರು ಮೊದಲು ಹೊರಗಿನ ಕಾಟಾದಲ್ಲಿ ತೂಗಿಸಿ ಚೀಟಿ ಜೇಬಿಗಿಟ್ಟುಕೊಂಡೇ ಮುಂದೆ ಹೋಗುವುದು.

ಸಂಕೇಶ್ವರದ ರಸ್ತೆಯ ಅಂಥ ಒಂದು ಕಾಟಾದ ಮೇಲೆ, ಎರಡು ಕಬ್ಬಿನ ಟ್ರ್ಯಾಕ್ಟರುಗಳ ನಡುವೆ, ಒಂದು ಬಿಳಿ ಕ್ಯಾರವಾನ್ ಏರಿ ನಿಂತದ್ದನ್ನು ನೋಡಿದೆ. ಹಿಂದಿನ ಟ್ರ್ಯಾಕ್ಟರಿನಲ್ಲಿ ಹಾಡು ಕಿವಿ ಹರಿಯುವಂತೆ. ಕಿಟಕಿಯೊಳಗಿನ ಹುಡುಗ ಕಂಪ್ಯೂಟರಿನಿಂದ ತಲೆ ಎತ್ತದೆ ಕೇಳಿದ:

“ಖಾಲಿ ಗಾಡಿಯೋ ಲೋಡೋ?”

ಚಾಲಕ ಹೆಂಡತಿಯ ಮುಖ ನೋಡಿದ. “ಲೋಡ್ ಅನ್ನಿ.”

“ಮಾಲ ಏನಂತ ಹಾಕ್ಲಿ?”

ಹಾಸಿಗೆ, ಕುಕ್ಕರ್, ನೀರು, ಇಬ್ಬರು ಮಕ್ಕಳು. ಏನೆಂದು ಬರೆಸುವುದು? ಹುಡುಗ ಕೊನೆಗೆ ‘ಇತರೆ’ ಒತ್ತಿ ಚೀಟಿ ಹರಿದು ಕೊಟ್ಟ. ಚೀಟಿ ನೋಡಿದ ಯಜಮಾನನ ಮೋರೆ ಬಾಡಿತು. ಆರ್‌ಸಿಯಲ್ಲಿ ಬರೆದ ಒಟ್ಟು ತೂಕದ ಮಿತಿಯ ಅಂಚಿಗೇ ಬಂದಿದ್ದ, ಇನ್ನೂ ಡೀಸೆಲ್ ತುಂಬಿಸುವುದಿತ್ತು.

ಎಲ್ಲಿಂದ ಬಂತು ಈ ತೂಕ? ಲೆಕ್ಕ ಸರಳ. ನೀರು ಲೀಟರಿಗೆ ಒಂದು ಕಿಲೋ. 100 ಲೀಟರಿನ ಟ್ಯಾಂಕು ತುಂಬಿದರೆ ಒಂದು ಕ್ವಿಂಟಲ್. ಇನ್ವರ್ಟರಿಗೆ ಹಾಕುವ ದೊಡ್ಡ ಲೆಡ್ ಬ್ಯಾಟರಿ ಒಂದೊಂದೂ ಅರ್ಧ ಕ್ವಿಂಟಲಿನ ಮೇಲೆ. ಅಷ್ಟೇ ಶಕ್ತಿಯ ಲಿಥಿಯಂ ಅದರ ಮೂರನೇ ಒಂದು ಪಾಲಿಗೆ ಮುಗಿಯುತ್ತದೆ. ದಪ್ಪ ಪ್ಲೈವುಡ್ಡಿನ ಕಪಾಟು, ಮಾಡಿನ ಮೇಲಿನ ಎಸಿ, ಚಪ್ಪರದ ಕೊಳವೆ. ಮಾಡಿನ ಮೇಲೆ ಭಾರ ಹೆಚ್ಚಾದಷ್ಟೂ ತಿರುವಿನಲ್ಲಿ ಗಾಡಿ ವಾಲುತ್ತದೆ. ನೀರಿನ ಟ್ಯಾಂಕು, ಬ್ಯಾಟರಿ, ಒಲೆ ಮೂರೂ ಒಂದೇ ಬದಿಗೆ ಸೇರಿದರೆ ಆ ಬದಿಯ ಟಯರು ಬೇಗ ಸವೆಯುತ್ತದೆ.

ಆದ್ದರಿಂದ: ಗಾಡಿ ಕೊಂಡ ಮೇಲೆ ಮೊದಲ ಪ್ರವಾಸ ಕಾಟಾಕ್ಕೇ ಆಗಲಿ. ಸಂಸಾರ ಸಮೇತ, ನೀರು ತುಂಬಿ, ಡೀಸೆಲ್ ತುಂಬಿ. ಇಡೀ ಗಾಡಿಯನ್ನೊಮ್ಮೆ, ಬರೀ ಮುಂದಿನ ಗಾಲಿಗಳನ್ನೊಮ್ಮೆ ತೂಗಿಸಿ; ಉಳಿದದ್ದು ಹಿಂದಿನ ಗಾಲಿಗಳ ಪಾಲು. ಮಿತಿ ಮೀರಿದ್ದರೆ ನೀರನ್ನು ಅರ್ಧ ಟ್ಯಾಂಕಿಗೆ ಇಳಿಸಿ. ನಮ್ಮ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳಿವೆ, ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಪುಣೆಯ ನೀರನ್ನು ಹತ್ತರಗಿಗೆ ಹೊತ್ತು ತರುವ ಕಾರಣವಿಲ್ಲ.

ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದ್ದು. ಇಂಥ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು, ಹಾಗಾಗಿ ಟಯರಿನ ಹಲ್ಲು ಹೊಸದರಂತೆ ಕಂಡರೂ ರಬ್ಬರು ಮುಪ್ಪಾಗಿರುತ್ತದೆ.

*

ಗಾಲಿಮನೆಯ ಚಟ ಹಳೆಯದು. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯ-ಲೇಖಕ ‘ದಿ ವಾಂಡರರ್’ ಎಂಬ ಕುದುರೆ ಬಂಡಿ ಕಟ್ಟಿಸಿ ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದ. ಬರೀ ಸುಖಕ್ಕಾಗಿ ಗಾಲಿಮನೆ ಕಟ್ಟಿಸಿದವರಲ್ಲಿ ಇವನನ್ನೇ ಮೊದಲಿಗನೆಂದು ಎಣಿಸುತ್ತಾರೆ. ಅವನ ಸೇವಕ ಮೂರು ಗಾಲಿಯ ಸೈಕಲ್ ತುಳಿಯುತ್ತ ಮುಂದೆ ಹೋಗಿ ದಾರಿ ಬಿಡಿಸುತ್ತಿದ್ದನಂತೆ. ನಮ್ಮ ದೇಶದಲ್ಲಿ ಹೆಸರಾದ ಗಾಲಿಮನೆ ಎಂದರೆ ಎನ್.ಟಿ. ರಾಮರಾವ್ ಅವರ ‘ಚೈತನ್ಯ ರಥಂ’. 1982ರಲ್ಲಿ ಪಕ್ಷ ಕಟ್ಟಿ, ಹಳೆಯ ಷೆವರ್ಲೆ ವ್ಯಾನಿನಲ್ಲಿ ಆಂಧ್ರ ಸುತ್ತಿದರು. ಮಲಗುವುದು, ಭಾಷಣ ಎಲ್ಲ ಅದರಿಂದಲೇ. ಮರುವರ್ಷ ಮುಖ್ಯಮಂತ್ರಿ. ಅವರಿಗೆ ರಾತ್ರಿ ಎಲ್ಲಿ ನಿಲ್ಲಿಸಲಿ ಎಂಬ ಚಿಂತೆ ಇರಲಿಕ್ಕಿಲ್ಲ.

*

ಎಸಿಯ ಹುಚ್ಚು. ಮಾರುವವನು “ಸೋಲಾರ್ ಇದೆ, ಎಸಿ ಇದೆ” ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾನೆ; ಕೇಳಿದವನು ಎರಡನ್ನೂ ಕೂಡಿಸಿಕೊಳ್ಳುತ್ತಾನೆ. ಕೂಡುವುದಿಲ್ಲ. ಒಂದು ಟನ್ನಿನ ಎಸಿ ಓಡುವಾಗ ಸುಮಾರು 1,000ದಿಂದ 1,200 ವಾಟ್ ಎಳೆಯುತ್ತದೆ. 12 ವೋಲ್ಟಿನ 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದೇ 2,400 ವಾಟ್-ಅವರ್, ಅಂದರೆ ಎರಡೂವರೆ ಯುನಿಟ್ಟಿಗಿಂತ ಕಡಿಮೆ. ಎರಡು ತಾಸಿಗೆ ಮುಗಿಯಿತು. 400 ವಾಟಿನ ಫಲಕ ಒಳ್ಳೆಯ ಬಿಸಿಲಿನ ದಿನ ಕೊಡುವುದು ಎರಡು ಯುನಿಟ್ಟಿನ ಒಳಗೆ. ಏಪ್ರಿಲ್ ರಾತ್ರಿ ಗೋಕಾಕದಲ್ಲಿ ಎಸಿ ಹಾಕಿ ಮಲಗುವ ಆಸೆ ಇದ್ದರೆ ಕರೆಂಟಿನ ತಂತಿ ಬೇಕು, ಇಲ್ಲವೇ ಜನರೇಟರು ಬೇಕು. ಜನರೇಟರಿನ ಸದ್ದಿಗೆ ಧಾಬಾದ ಲಾರಿ ಡ್ರೈವರುಗಳು ಎದ್ದು ಬಂದು ಕೇಳುವ ಪ್ರಶ್ನೆಗಳನ್ನು ಇಲ್ಲಿ ಬರೆಯಲಾಗದು.

12 ವೋಲ್ಟಿನ ಫ್ಯಾನು, ಎದುರುಬದುರು ಎರಡು ಕಿಟಕಿ, ಸೊಳ್ಳೆ ಪರದೆ: ದಸರಾದಿಂದ ಶಿವರಾತ್ರಿವರೆಗೆ ಇಷ್ಟು ಸಾಕು. ಬೇಸಗೆಯಲ್ಲಿ ಸಂಕೇಶ್ವರದಿಂದ ಆಜರಾ ದಾಟಿ ಅಂಬೋಲಿಯ ಎತ್ತರಕ್ಕೆ ಹೋಗಿ.

ಧಾಬಾದಲ್ಲಿ ಕರೆಂಟು ಕೇಳಿದರೆ ಕೊಡುತ್ತಾರೆ. ಆದರೆ ಮೊಬೈಲ್ ಚಾರ್ಜಿನ ಸಣ್ಣ ಪ್ಲಗ್ಗಿಗೆ ಇಡೀ ಗಾಡಿಯನ್ನು ಚುಚ್ಚಬೇಡಿ. 16 ಆಂಪಿಯರಿನದನ್ನೇ ಕೇಳಿ, ಅರ್ಥಿಂಗ್ ಇದೆಯೇ ನೋಡಿ, ಹೋಗುವಾಗ ನೂರಿನ್ನೂರು ಕೈಗಿಡಿ.

*

ಗ್ಯಾಸು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಕೂರುತ್ತದೆ, ಮೇಲಿನ ಕಿಟಕಿ ತೆರೆದರೆ ಹೋಗುವುದಿಲ್ಲ. ಗಾಡಿಯ ತಳದಲ್ಲೇ ಗಾಳಿಕಿಂಡಿ ಬೇಕು. 2023ರ ಆಗಸ್ಟ್ 26ರಂದು ಮದುರೈನಲ್ಲಿ ನಿಂತಿದ್ದ ಯಾತ್ರಿಕರ ರೈಲು ಬೋಗಿಯೊಳಗೆ ಕದ್ದುಮುಚ್ಚಿ ತಂದ ಸಿಲಿಂಡರಿನಿಂದ ಬೆಂಕಿ ಹತ್ತಿ 9 ಮಂದಿ ಸತ್ತರು. ಬೆಳಗಿನ ಜಾವ ಚಹಾ ಕಾಸುವ ಹೊತ್ತು. ಗಾಲಿಯ ಮೇಲಿನ ಮನೆಗೆ ಬಾಗಿಲು ಒಂದೇ ಇದ್ದರೆ ಅದು ಮನೆಯಲ್ಲ, ಪೆಟ್ಟಿಗೆ. ಹಿಂದಿನ ಬಾಗಿಲಿಗೆ ಅಡ್ಡ ಕಪಾಟು ಹೊಡೆಸಿದ ಗಾಡಿಯನ್ನು ಕೊಳ್ಳಲೇಬೇಡಿ. ಅಡುಗೆಯನ್ನು ಆದಷ್ಟು ಹೊರಗೇ ಮಾಡಿ, ನಮ್ಮ ಜಾತ್ರೆಯವರ ಹಾಗೆ. ಚಳಿ ಎಂದು ಇದ್ದಿಲ ಶೇಗಡಿಯನ್ನು ಒಳಗಿಟ್ಟು ಮಲಗುವುದಂತೂ ಸಾವಿಗೆ ಕರೆ ಕಳಿಸಿದ ಹಾಗೆ.

*

ಸಂಡಾಸಿನ ಡಬ್ಬಿ. ಎಲ್ಲರೂ ನಾಚಿಕೊಂಡು ಕೊನೆಗೆ ಕೇಳುವ ವಿಷಯ. ಸೀಟಿನ ಕೆಳಗಿನ ಡಬ್ಬಿ ಎರಡು ಮೂರು ದಿನಕ್ಕೆ ತುಂಬುತ್ತದೆ. ಅದನ್ನು ಬಂಕಿನ ಅಥವಾ ಮಂಟಪದ ಶೌಚಾಲಯದಲ್ಲಿ, ಕೇಳಿ, ಸುರಿದು, ನೀರು ಹೊಡೆದು ಬರಬೇಕು. ಕಾಲುವೆಗೆ ಸುರಿಯುವಂತಿಲ್ಲ. ಘಟಪ್ರಭಾ ಎಡದಂಡೆಯ ನೀರು ಹುಕ್ಕೇರಿಯ ಗಡಿಯಲ್ಲಿ ಮುಗಿಯುವುದಿಲ್ಲ, ಕೆಳಗೆ ಎಷ್ಟೋ ಊರಿನ ದನ-ಕರು, ಮಂದಿ ಅದನ್ನೇ ನಂಬಿದ್ದಾರೆ. ಗಾಡಿಯ ಹೆಣ್ಣುಮಕ್ಕಳು ಮಾತ್ರ ಇದೊಂದು ಸೌಕರ್ಯಕ್ಕಾಗಿಯೇ ಉಳಿದೆಲ್ಲ ಕಾಟ ಸಹಿಸುತ್ತೇವೆ ಎಂದರು. ಹೆದ್ದಾರಿಯಲ್ಲಿ ಪ್ರಯಾಣಿಸಿದ ಯಾವ ಹೆಂಗಸೂ ಇದನ್ನು ಒಪ್ಪದಿರಲಾರಳು.

*

ಕಾಗದಪತ್ರ. ಆರ್‌ಸಿಯಲ್ಲಿ ‘ಮೋಟರ್ ಕ್ಯಾರವಾನ್’ ಎಂದೇ ಇರಬೇಕು. ಇದಕ್ಕೆಂದೇ ಎಐಎಸ್-124 ಎಂಬ ಮಾನದಂಡವಿದೆ. ಹಳೆಯ ವ್ಯಾನು ತಂದು ಊರ ಬಡಿಗನಿಂದ ಮಂಚ ಹೊಡೆಸಿದರೆ ಮೋಟರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ; ಮೂಲ ರಚನೆಗೆ ವಿರುದ್ಧವಾದ ಬದಲಾವಣೆ ಸಲ್ಲದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಅಪಘಾತವಾದರೆ ವಿಮೆಯವರು ಮೊದಲು ತೆಗೆಯುವ ತಕರಾರೂ ಇದೇ. ಒಟ್ಟು ತೂಕ 7,500 ಕಿಲೋದ ಒಳಗಿದ್ದರೆ ಕಾರಿನ ಲೈಸೆನ್ಸು ಸಾಕು. ಫಾಸ್ಟ್ಯಾಗ್ ಮಾಡಿಸುವಾಗ ಆರ್‌ಸಿಯಲ್ಲಿರುವ ವರ್ಗವನ್ನೇ ಕೊಡಿ, ಇಲ್ಲವಾದರೆ ಹತ್ತರಗಿಯಲ್ಲೊಮ್ಮೆ, ಕೊಗನೊಳಿಯಲ್ಲೊಮ್ಮೆ ಜಗಳ. ಗಡಿಯ ನಮ್ಮವರಿಗೆ ಇನ್ನೊಂದು ಮಾತು: ಕೊಲ್ಹಾಪುರದಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಎಂಎಚ್ ಗಾಡಿ ತಂದರೆ 12 ತಿಂಗಳ ಮೇಲೆ ಇಲ್ಲಿಯ ನಂಬರು ಮಾಡಿಸಲೇಬೇಕು.

*

ಕತ್ತಲಾದ ಮೇಲೆ ಓಡಿಸಬೇಡಿ. ನವೆಂಬರಿನಿಂದ ಮಾರ್ಚ್‌ವರೆಗೆ ಹುಕ್ಕೇರಿ-ಘಟಪ್ರಭಾ ಕಡೆಯ ರಸ್ತೆಗಳಲ್ಲಿ ಎರಡೆರಡು ಟ್ರಾಲಿ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಹೋಗುತ್ತಿರುತ್ತವೆ. ಕಬ್ಬಿನ ತುದಿ ಟ್ರಾಲಿಯ ಹೊರಗೆ ಚಾಚಿರುತ್ತದೆ. ಎದುರಿನ ಲಾರಿಯ ಬೆಳಕಿಗೆ ಕಣ್ಣು ಕತ್ತಲಾದ ಕ್ಷಣದಲ್ಲಿ ಅದು ಕಾಣುವುದೇ ಇಲ್ಲ. ಟ್ರ್ಯಾಕ್ಟರಿನ ಹಾಡು ಕೇಳಿಸಬಹುದು, ಎಸಿ ಹಾಕಿಕೊಂಡ ಗಾಡಿಯೊಳಗೆ ಅದೂ ಇಲ್ಲ. ವಂಟಮುರಿ ಘಾಟಿನಲ್ಲಿ ಇಳಿಯುವಾಗ ಬ್ರೇಕಿನ ಮೇಲೆ ಕಾಲಿಟ್ಟೇ ಕೂರದೆ ಗೇರು ಇಳಿಸಿ. ಗಾಡಿಯ ಎತ್ತರವನ್ನು, ಮಾಡಿನ ಎಸಿ ಸೇರಿಸಿ, ಸ್ಟಿಯರಿಂಗಿನ ಎದುರೇ ಬರೆದು ಅಂಟಿಸಿ. ರೈಲ್ವೆ ಕೆಳಸೇತುವೆಗಿಂತ ಹಳ್ಳಿಯೊಳಗಿನ ಜೋಲು ತಂತಿ, ಜಾತ್ರೆಯ ಸ್ವಾಗತ ಕಮಾನು ಹೆಚ್ಚು ಅಪಾಯದವು.

*

ಯಮಕನಮರಡಿ ಕಡೆಯ ಒಬ್ಬ ತರುಣ ಸೆಕೆಂಡ್‌ ಹ್ಯಾಂಡ್ ಕ್ಯಾರವಾನ್ ನೋಡಿ ಬಂದಿದ್ದಾನೆ. ಮಾರುವವನು ಹೆಚ್ಚು ಓಡಿಸಿಲ್ಲ ಎಂದು ಹೇಳಿದ್ದೇ ಇವನಿಗೆ ಗುಣವಾಗಿ ಕಂಡಿದೆ. ನನಗೆ ಅದೇ ಅನುಮಾನ. ನಿಂತ ಗಾಡಿಯ ಬ್ಯಾಟರಿ ಸಾಯುತ್ತದೆ, ನೀರಿನ ಟ್ಯಾಂಕಿಗೆ ಪಾಚಿ ಕಟ್ಟುತ್ತದೆ, ಇಲಿ ತಂತಿ ಕಡಿಯುತ್ತದೆ. ಕಬ್ಬಿನ ಗದ್ದೆಯ ಪಕ್ಕ ನಿಲ್ಲಿಸಿದರೆ ಇಲಿಗೆ ಅದೊಂದು ಸಜ್ಜಾದ ಬಂಗಲೆ. ಕೊಳ್ಳುವ ಮೊದಲು ನಾಲ್ಕು ದಿನ ಬಾಡಿಗೆಗೆ ಹಿಡಿದು ನೋಡು, ಮಳೆ ಬಂದ ದಿನ ಮಾಡಿನ ಕಿಂಡಿಗಳು ಸೋರುತ್ತವೆಯೇ ನೋಡು ಎಂದೆ.

ಅವನ ಯೋಜನೆ ಬೇರೆ. ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಬಾಡಿಗೆಗೆ ಬಿಡುವುದು. ಹಾಗಾದರೆ ಹಳದಿ ನಂಬರು, ಪರ್ಮಿಟ್ಟು, ಬೇರೆ ವಿಮೆ ಬೇಕು ಎಂದು ಹೇಳುತ್ತಿದ್ದೆ. ಅಷ್ಟರಲ್ಲಿ ಅವನ ಅವ್ವ ಒಳಗಿಂದ ಬಂದಳು.

“ಎಷ್ಟ ಮಂದಿ ಹಿಡಸ್ತೈತೋ ಅದು?”

“ನಾಕ್ ಮಂದಿ ಬೇ.”

“ನಾಕ? ಗುಡ್ಡಕ್ಕ ನಾಕ ಮಂದಿ ಯಾರ ಹೋಗ್ತಾರೋ? ಎಲ್ಲವ್ವಗ ಪಡ್ಡಲಗಿ ತುಂಬಾಕ ಹೋಳಿಗಿ ಮಾಡಾವ್ರ ಯಾರು, ಒಲಿ ಹಚ್ಚಾವ್ರ ಯಾರು, ಹುಡುಗುರ್ನ ಹಿಡಿಯಾವ್ರ ಯಾರು?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿದ. “ಹಿಂದ ಒಂದ ಟ್ರಾಲಿ ಜೋಡಿಸಿದ್ರ ಹೆಂಗ್ರಿ ಸರ?”

ಟ್ರಾಲಿಯಲ್ಲಿ ಮಂದಿಯನ್ನು ಕೂರಿಸುವುದು ಕಾಯ್ದೆಗೆ ವಿರುದ್ಧ, ಆ ಎಂಜಿನ್ನಿಗೆ ಅಷ್ಟು ಎಳೆಯುವ ತಾಕತ್ತೂ ಇಲ್ಲ ಎಂದೆ. ವಿಚಾರ ಮಾಡುತ್ತೇನೆ ಎಂದಿದ್ದಾನೆ. ಗಾಡಿ ಇನ್ನೂ ಮಾರಾಟಕ್ಕಿದೆ. ಮಾರುವವನು ಬೆಲೆಯನ್ನು ಮತ್ತೆ ಇಳಿಸಿದ್ದಾನಂತೆ.